ಚರ್ಚಿಗೆ ಹೋಗುತ್ತೇನಲ್ಲ, ದಿನಾ ಒಬ್ಬಳೇ ಪ್ರಾರ್ಥನೆ ಮಾಡಲೇಬೇಕಾ?

ಪ್ರಶ್ನೆ: ಭಾನುವಾರ ತಪ್ಪದೆ ಆರಾಧನೆಗೆ ಹೋಗುತ್ತೇನೆ. ರಾತ್ರಿ ಊಟಕ್ಕೆ ಮುಂಚೆ ಮನೆಯಲ್ಲಿ ಕುಟುಂಬ ಪ್ರಾರ್ಥನೆಯೂ ಇದೆ. ಇಷ್ಟಿದ್ದೂ ದಿನಾ ಒಬ್ಬಳೇ ಕೂತು ಪ್ರಾರ್ಥನೆ ಮಾಡಲೇಬೇಕಾ? ನಮ್ಮದು ಎರಡು ಕೋಣೆಯ ಬಾಡಿಗೆ ಮನೆ, ಐದು ಜನ. ಬೆಳಗ್ಗೆ 7 ಗಂಟೆಗೆ ಬಸ್ ಹಿಡಿಯಬೇಕು. ಕೂತರೂ ಮನಸ್ಸು ನಿಲ್ಲುವುದಿಲ್ಲ.
– ಓದುಗರೊಬ್ಬರು, ಕೆ.ಆರ್. ಪುರ

ಉತ್ತರ: ಮಾಡಬೇಕು ಅಂತಲೇ ನಾನು ಹೇಳುವುದು. ಆದರೆ ದಿನಾ ಹಾಜರಿ ಹಾಕದಿದ್ದರೆ ದೇವರು ಮುನಿಸಿಕೊಳ್ಳುತ್ತಾರೆ ಅನ್ನುವ ಕಾರಣಕ್ಕಲ್ಲ. ಆ ಭಯ ನಮ್ಮಲ್ಲಿ ಬಹಳ ಜನಕ್ಕಿದೆ. ಅದನ್ನು ಮೊದಲು ಬಿಡಿ.

ಕುಟುಂಬ ಪ್ರಾರ್ಥನೆ ಹೇಗಿರುತ್ತದೆ, ಸ್ವಲ್ಪ ನೆನಪಿಸಿಕೊಳ್ಳಿ. ದಿನವಿಡೀ 'ಬಾರೋ, ತಗೊಳ್ಳೋ' ಅನ್ನುವ ಅಪ್ಪ, ಕಣ್ಣು ಮುಚ್ಚಿದ ಕೂಡಲೇ 'ಕೃಪೆಯುಳ್ಳ ತಂದೆಯೇ, ನಿನಗೆ ಸ್ತೋತ್ರ ಸಲ್ಲಿಸುತ್ತೇವೆ' ಅಂತ ಶುರು ಮಾಡುತ್ತಾರೆ. ಅಮ್ಮ 'ಸ್ವಾಮಿ, ಈ ಹುಡುಗನಿಗೆ ಮೊಬೈಲ್ ಬಿಟ್ಟು ಓದುವ ಬುದ್ಧಿ ಕೊಡು' ಅನ್ನುತ್ತಾರೆ. ಅದು ದೇವರಿಗೆ ಹೇಳಿದ್ದೋ, ಮಗನಿಗೆ ಹೇಳಿದ್ದೋ? ಎರಡೂ ಇರಬಹುದು. ತಪ್ಪೇನಿಲ್ಲ. ಆದರೆ ಪಕ್ಕದಲ್ಲಿ ಕಿವಿ ಇದೆ ಅಂದಮೇಲೆ ಕೆಲವು ಮಾತು ಬಾಯಿಗೇ ಬರುವುದಿಲ್ಲ. ಅತ್ತಿಗೆ ಮೇಲಿನ ಸಿಟ್ಟು, ಮನೆಯವರಿಗೆ ಗೊತ್ತಿಲ್ಲದ ಕೈಸಾಲ, ಆಫೀಸಿನಲ್ಲಿ ಹೇಳಿದ ಸುಳ್ಳು, 'ನೀನು ನಿಜವಾಗಲೂ ಇದ್ದೀಯಾ' ಅನ್ನುವ ಸಂಶಯ. ಇವನ್ನೆಲ್ಲ ಐದು ಜನರ ಎದುರು ಬಿಚ್ಚಲು ಆಗುತ್ತಾ? ಇವಕ್ಕೆ ಜಾಗ ಬೇಕಲ್ವಾ?

ಬೈಬಲಿನ ಮತ್ತಾಯ 6ರಲ್ಲಿ ಯೇಸು ತೋರಿಸಿದ್ದು ಆ ಜಾಗವನ್ನೇ. ಜನ ನೋಡಲಿ ಅಂತ ಬೀದಿ ಮೂಲೆಯಲ್ಲಿ ನಿಂತು ಪ್ರಾರ್ಥಿಸಬೇಡಿ, ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಳ್ಳಿ ಅಂದರು. ಯಾವ ಕೋಣೆ, ಯಾವ ಬಾಗಿಲು ಅಂತ ನೀವು ಕೇಳುತ್ತೀರಿ. ಅಲ್ಲಿರುವ ಗ್ರೀಕ್ ಪದ 'ತಮೇಯೊನ್'. ಅದಕ್ಕೆ ಉಗ್ರಾಣ ಅನ್ನುವ ಅರ್ಥವೂ ಇದೆ. ಲೂಕ 12ರಲ್ಲಿ ಕಾಗೆಗಳಿಗೆ ಉಗ್ರಾಣವಿಲ್ಲ ಅನ್ನುವ ಕಡೆ ಬರುವುದೂ ಇದೇ ಪದ. ಹಾಗಾಗಿ ಶಿಲುಬೆ, ಮೇಜು, ಮೇಣದಬತ್ತಿ ಇಟ್ಟು ಸಿಂಗರಿಸಿದ ಕೊಠಡಿ ಬೇಕಿಲ್ಲ. ಕಾಳು ಎಣ್ಣೆ ಇಡುವ ಒಳಮೂಲೆ ಸಾಕು. ನಿಮ್ಮ ಮನೆಯಲ್ಲಿ ಅದು ಗ್ಯಾಸ್ ಸಿಲಿಂಡರ್ ಪಕ್ಕ ಇರಬಹುದು, ಟೆರೇಸಿನಲ್ಲಿ ಬಟ್ಟೆ ಒಣಗಿಸುವ ಕಡೆ ಇರಬಹುದು.

ಮನೆಯಲ್ಲಿ ಆಗುವುದೇ ಇಲ್ಲ ಅಂದರೆ ಹೊರಗೂ ಇದೆ. ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾಗೆ ವಾರದ ದಿನ ಹೋಗಿ ನೋಡಿ. ರಸೆಲ್ ಮಾರ್ಕೆಟ್ಟಿನಿಂದ ತಂದ ಚೀಲವನ್ನು ಕಾಲ ಬಳಿ ಇಟ್ಟುಕೊಂಡು, ಹತ್ತು ನಿಮಿಷ ಸುಮ್ನೆ ಕೂತು ಎದ್ದು ಹೋಗುವವರು ಕಾಣುತ್ತಾರೆ. ಅವರಲ್ಲಿ ಕ್ರೈಸ್ತರಲ್ಲದವರೂ ಇರುತ್ತಾರೆ. ಸೆಪ್ಟೆಂಬರ್ 8ರ ಹಬ್ಬದ ಜನಜಾತ್ರೆಗಿಂತ ನನಗೆ ಆ ಹತ್ತು ನಿಮಿಷದವರೇ ಇಷ್ಟ.

ಸರಿ, ದಿನಾ ಯಾಕೆ? 'ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು' ಅಂತ ಯೇಸು ಕಲಿಸಿದರು. ತಿಂಗಳ ರೇಷನ್ ಒಟ್ಟಿಗೆ ಕೇಳಲು ಕಲಿಸಲಿಲ್ಲ. ವಿಮೋಚನಕಾಂಡ 16ರಲ್ಲಿ, ಮರುಭೂಮಿಯಲ್ಲಿದ್ದ ಇಸ್ರಾಯೇಲರಿಗೆ ದೇವರು ದಿನಾ ಬೆಳಗ್ಗೆ ಕೊಟ್ಟ ಆಹಾರ, ಆ ಮನ್ನದ ಕಥೆ ಗೊತ್ತಲ್ಲ? ಸಬ್ಬತ್ತಿಗೆ, ಅಂದರೆ ವಾರದ ವಿಶ್ರಾಂತಿ ದಿನಕ್ಕೆ, ಅಂತ ಹಿಂದಿನ ದಿನ ಕೂಡಿಸಿದ್ದು ಬಿಟ್ಟರೆ, ಮರುದಿನಕ್ಕೆ ಎತ್ತಿಟ್ಟ ಮನ್ನ ಹುಳ ಬಿದ್ದು ನಾರುತ್ತಿತ್ತು. ಭಾನುವಾರದ ಆರಾಧನೆಯನ್ನು ಗುರುವಾರದವರೆಗೆ ಎಳೆಯಲು ಹೋದರೆ ನನಗೂ ಹಾಗೇ ಆಗುತ್ತದೆ. ಮೊದಲ ಕಾಲದ ಕ್ರೈಸ್ತರ 'ಡಿಡಾಕೆ' ಅನ್ನುವ ಪುಟ್ಟ ಕೈಪಿಡಿ, ಯೇಸು ಕಲಿಸಿದ ಇದೇ ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಿ ಅನ್ನುತ್ತದೆ. ಹಾಗಂತ ಸಭೆ ಬಿಡಬೇಡಿ. ಆ ಪ್ರಾರ್ಥನೆ ಶುರುವಾಗುವುದು 'ನಮ್ಮ ತಂದೆಯೇ' ಅಂತ, 'ನನ್ನ ತಂದೆಯೇ' ಅಂತಲ್ಲ.

ಇನ್ನೊಂದು ಕಾರಣವಿದೆ, ನನಗೆ ಎಲ್ಲಕ್ಕಿಂತ ದೊಡ್ಡದು ಅದೇ. ಮಾರ್ಕ 1 ತೆಗೆಯಿರಿ. ಕಪೆರ್ನೌಮಿನಲ್ಲಿ ಹಿಂದಿನ ಸಂಜೆ ಊರಿಗೆ ಊರೇ ಬಾಗಿಲ ಮುಂದೆ ಸೇರಿತ್ತು. ಯೇಸು ಬಹಳ ಜನರನ್ನು ಗುಣಪಡಿಸಿದರು. ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು, ಯಾರೂ ಇಲ್ಲದ ಕಡೆ ಹೋಗಿ ಪ್ರಾರ್ಥನೆ ಮಾಡುತ್ತಿದ್ದರು. ಶಿಷ್ಯ ಸೀಮೋನ ಹುಡುಕಿಕೊಂಡು ಬಂದ. ಎಲ್ಲರೂ ನಿನ್ನನ್ನೇ ಹುಡುಕುತ್ತಿದ್ದಾರೆ ಅಂದ. ಯಾರಾದರೂ ವಾಪಸ್ ಓಡುತ್ತಿದ್ದರು. ಯೇಸು ಮಾತ್ರ, ಬೇರೆ ಊರುಗಳಿಗೆ ಹೋಗೋಣ ನಡೆಯಿರಿ ಅಂದರು. ಜನ ಕರೆದ ಕಡೆಗಲ್ಲ, ತಾನು ಬಂದ ಕೆಲಸದ ಕಡೆಗೆ. ಬೆಳಗ್ಗೆ ಕಣ್ಣು ಬಿಟ್ಟೊಡನೆ ವಾಟ್ಸಾಪ್ ನೋಡುವ ನಮಗೆ ದಿನದ ಮೊದಲ ಮಾತು ಯಾರದು?

ಮನಸ್ಸು ಓಡುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 16ನೇ ಶತಮಾನದ ಸ್ಪೇನಿನ ಆವಿಲಾದ ಸಂತ ತೆರೇಸಾ, ಕೆಲವು ವರ್ಷ ತನಗೆ ಪ್ರಾರ್ಥನೆಗಿಂತ ಗಂಟೆ ಯಾವಾಗ ಹೊಡೆಯುತ್ತದೆ ಅನ್ನುವುದರ ಮೇಲೇ ಗಮನವಿತ್ತು ಅಂತ ತಾನೇ ಬರೆದುಕೊಂಡಿದ್ದಾರೆ. ಅದೇ ತೆರೇಸಾರನ್ನು ಕಥೋಲಿಕ ಸಭೆ 1970ರಲ್ಲಿ ಇಡೀ ಸಭೆಯ ಗುರು ('ಡಾಕ್ಟರ್ ಆಫ್ ದ ಚರ್ಚ್') ಅಂತ ಮಾನ್ಯ ಮಾಡಿತು. ತಮ್ಮನ ಫೀಸು ಕಟ್ಟಿಲ್ಲ ಅಂತ ಮನಸ್ಸು ಓಡಿದರೆ, ಆ ಫೀಸಿನ ಮಾತನ್ನೇ ದೇವರ ಹತ್ತಿರ ಆಡಿ.

ಉದ್ದವೂ ಬೇಕಿಲ್ಲ. ಈಜಿಪ್ಟಿನ ಸನ್ಯಾಸಿಗಳ ಪ್ರಾರ್ಥನೆ ಈಟಿ ಎಸೆದ ಹಾಗೆ ಚಿಕ್ಕದು, ಆದರೆ ಪದೇ ಪದೇ ಅಂತ ಸಂತ ಅಗಸ್ಟೀನ್ ಒಂದು ಪತ್ರದಲ್ಲಿ ಬರೆಯುತ್ತಾರೆ. ನಿಮ್ಮ ಬಸ್ ಟಿನ್ ಫ್ಯಾಕ್ಟರಿ ಹತ್ತಿರ ನಿಂತುಬಿಟ್ಟಾಗ ಬೈಬಲಿನ 13ನೇ ಕೀರ್ತನೆ ಓದಿ. ಆರೇ ವಚನ. ಮೊದಲ ಎರಡರಲ್ಲೇ ನಾಲ್ಕು ಸಲ 'ಇನ್ನೂ ಎಷ್ಟು ದಿನ' ಅಂತ ದೇವರನ್ನು ಕೇಳುತ್ತದೆ. ಆ ಟ್ರಾಫಿಕ್ಕಿನಲ್ಲಿ ಅದನ್ನು ಬಾಯಿಪಾಠ ಮಾಡಲು ಬೇಕಾದಷ್ಟು ಸಮಯ ಸಿಗುತ್ತದೆ.

ಹಾಸಿಗೆಯಲ್ಲಿ ಮಲಗಿಕೊಂಡು ಮಾತ್ರ ಬೇಡ. ನಾನು ವರ್ಷಗಟ್ಟಲೆ ಹಾಗೆ ಮಾಡಿದೆ. 'ಪರಲೋಕದಲ್ಲಿರುವ ನಮ್ಮ ತಂದೆಯೇ' ಅಂದದ್ದು ನೆನಪಿರುತ್ತಿತ್ತು, ಆಮೆನ್ ಅಂದದ್ದು ನೆನಪಿರುತ್ತಿರಲಿಲ್ಲ. ಯೇಸು ಬಂಧನಕ್ಕೆ ಮುಂಚೆ ಪ್ರಾರ್ಥಿಸುತ್ತಿದ್ದಾಗ ಗೆತ್ಸೆಮನೆ ತೋಟದಲ್ಲಿ ಶಿಷ್ಯರೇ ನಿದ್ದೆ ಹೋದರು ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಈಗ ಬೆಳಗ್ಗೆ ಮೋಟರ್ ಹಾಕಿ, ಟ್ಯಾಂಕ್ ತುಂಬುವ ಇಪ್ಪತ್ತು ನಿಮಿಷ ಮೆಟ್ಟಿಲ ಮೇಲೆ ಕೂರುತ್ತೇನೆ. ಮೇಲಿಂದ ನೀರು ಸುರಿದ ಸದ್ದು ಕೇಳಿದರೆ ಎದ್ದು ಓಡಲೇಬೇಕು, ಆಮೆನ್ ಆಗಿರಲಿ ಬಿಡಲಿ.