ತಗ್ಗಿನಲ್ಲಿ ಓಡುವ ಟ್ರಾಮ್

ಅಮೆರಿಕದ ಬಾಸ್ಟನ್ ನಗರದ ಪಶ್ಚಿಮಕ್ಕಿರುವ ನ್ಯೂಟನ್ ಸೆಂಟರ್ ನಿಲ್ದಾಣದಲ್ಲಿ ಟ್ರಾಮ್ ಹತ್ತಬೇಕಾದರೆ ರಸ್ತೆಯಿಂದ ಕೆಳಗಿಳಿಯಬೇಕು. ಹಳಿಗಳು ಇರುವುದು ತಗ್ಗಿನಲ್ಲಿ. ಕಾರುಗಳು ಸೇತುವೆಯ ಮೇಲೆ ಹಾದುಹೋಗುತ್ತವೆ. ಈ ತಗ್ಗನ್ನು ಟ್ರಾಮಿಗಾಗಿ ತೋಡಿದ್ದಲ್ಲ. ಅದು ಬರುವುದಕ್ಕೆ ಅರ್ಧ ಶತಮಾನ ಮೊದಲೇ, ಉಗಿ ರೈಲಿನ ಕಾಲದಲ್ಲಿ ತೋಡಿದ್ದು. ಈ ನಿಲ್ದಾಣದ ನಿಜವಾದ ಆಸ್ತಿ ಆ ತಗ್ಗೇ ಎಂದು ನಾನು ನಂಬಿದ್ದೇನೆ.

ಬಾಸ್ಟನ್‌ನಿಂದ ಬ್ರೂಕ್‌ಲೈನ್‌ವರೆಗೆ 1848ರಲ್ಲಿ ಬಂದ ರೈಲು ಮಾರ್ಗ 1852ರಲ್ಲಿ ನ್ಯೂಟನ್ನಿಗೂ ಆಮೇಲೆ ಅದರಾಚೆಗೂ ಮುಂದುವರಿಯಿತು. ಅದರ ಮೊದಲ ದೊಡ್ಡ ಕೆಲಸ ಮಣ್ಣು ಹೊರುವುದಾಗಿತ್ತು. ಬಾಸ್ಟನ್ನಿನ ಪಕ್ಕದಲ್ಲಿ ಸಮುದ್ರದ ಉಬ್ಬರದಲ್ಲಿ ಮುಳುಗಿ, ಇಳಿತದಲ್ಲಿ ನಾರುತ್ತಿದ್ದ ಬ್ಯಾಕ್ ಬೇ ಎಂಬ ಕೆಸರು ಬಯಲನ್ನು ತುಂಬಿಸಲು 1858ರಲ್ಲಿ ಶುರುಮಾಡಿದರು. ಅದಕ್ಕೆ ಬೇಕಾದ ಗರಸು ನೀಡಮ್ ಎಂಬ ಊರಿನಲ್ಲಿತ್ತು. ಹಿಮಯುಗದ ಹಿಮನದಿಗಳು ಕರಗಿ ಹಿಂದೆ ಸರಿಯುವಾಗ ಬಿಟ್ಟುಹೋದ ಗುಡ್ಡೆಗಳವು. ಉಗಿ ಯಂತ್ರದ ಸಲಿಕೆ ಅವನ್ನು ಅಗೆಯಿತು, ಮೂವತ್ತೈದು ಬಂಡಿಗಳ ರೈಲುಗಳು ಹಗಲೂ ರಾತ್ರಿ ಹೊತ್ತವು. ಇಂದು ಬ್ಯಾಕ್ ಬೇಯಲ್ಲಿ ಸಾಲಾಗಿ ನಿಂತಿರುವ ಇಟ್ಟಿಗೆ ಮನೆಗಳ ಅಡಿಯ ನೆಲ ನ್ಯೂಟನ್ ಸೆಂಟರ್ ದಾಟಿಯೇ ಬಂದದ್ದು.

ಪ್ರಯಾಣಿಕರ ಕಾಲ ಆಮೇಲೆ ಬಂತು. ಬಾಸ್ಟನ್ ಆಂಡ್ ಆಲ್ಬನಿ ಕಂಪನಿ ಮಾರ್ಗವನ್ನು ಕೊಂಡು, 1886ರಲ್ಲಿ ರಿವರ್‌ಸೈಡ್‌ವರೆಗೆ ಬೆಳೆಸಿತು. ವಾಸ್ತುಶಿಲ್ಪಿ ಹೆನ್ರಿ ಹಾಬ್ಸನ್ ರಿಚರ್ಡ್‌ಸನ್ ಈ ಮಾರ್ಗಕ್ಕೆ ತಗ್ಗು ಛಾವಣಿಯ, ಒರಟು ಕಲ್ಲಿನ ಸುಂದರ ನಿಲ್ದಾಣಗಳನ್ನು ರೂಪಿಸಿದರು. ನ್ಯೂಟನ್ ಸೆಂಟರ್ ಕಟ್ಟಡವನ್ನು ಅವರ ನಿಧನಾನಂತರ ಅವರ ಉತ್ತರಾಧಿಕಾರಿಗಳು ಅದೇ ಶೈಲಿಯಲ್ಲಿ ಕಟ್ಟಿದರು. ಅದು ಇಂದಿಗೂ ಉಳಿದಿದೆ. 20ನೇ ಶತಮಾನದ ಮೊದಲ ದಶಕದಲ್ಲಿ ಲೆವೆಲ್ ಕ್ರಾಸಿಂಗ್‌ಗಳ ಅಪಾಯ ತಪ್ಪಿಸಲು ಹಳಿಗಳನ್ನು ಕೆಳಗಿಳಿಸಿದರು. ಕಟ್ಟಡ ಮೇಲೆಯೇ ಉಳಿಯಿತು.

ಕಾರುಗಳು ಹೆಚ್ಚಿದಂತೆ ರೈಲಿಗೆ ನಷ್ಟವಾಯಿತು. 1958ರ ಮೇ 31ರಂದು ಸೇವೆ ನಿಂತಿತು. ಮುಂದಿನ ವರ್ಷ ಜುಲೈ 4ರಂದು ಅದೇ ದಾರಿಯಲ್ಲಿ ಟ್ರಾಮ್‌ಗಳು ಓಡತೊಡಗಿದವು, ಸಾರಿಗೆ ಸಂಸ್ಥೆ ಎಣಿಸಿದ್ದಕ್ಕಿಂತ ಹೆಚ್ಚು ಜನ ಹತ್ತಿದರು. ಟ್ರಾಮಿನಂಥ ಹಗುರ ಗಾಡಿಗಳನ್ನು ರಸ್ತೆಯಿಂದ ಬೇರೆಯಾದ ದಾರಿಯಲ್ಲಿ ಓಡಿಸುವ ವ್ಯವಸ್ಥೆಗೆ 'ಲಘು ರೈಲು' ಎಂಬ ಹೆಸರು ಅಮೆರಿಕದಲ್ಲಿ ಚಾಲ್ತಿಗೆ ಬಂದದ್ದು 1970ರ ದಶಕದಲ್ಲಿ. ಇಲ್ಲಿ ಅದಕ್ಕೂ ಮೊದಲೇ ಅದರ ರೂಪ ಸಿದ್ಧವಾಗಿತ್ತು.

ಟ್ರಾಮ್ ಗೆದ್ದದ್ದು ಹೇಗೆ? ಸುಮಾರು 15 ಕಿಲೋಮೀಟರಿನಲ್ಲಿ 13 ನಿಲ್ದಾಣಗಳು. ಇಷ್ಟು ಒತ್ತೊತ್ತಾಗಿ ನಿಲ್ಲುವ ಗಾಡಿಗೆ ಗರಿಷ್ಠ ವೇಗಕ್ಕಿಂತ ಆ ವೇಗವನ್ನು ಎಷ್ಟು ಬೇಗ ಮುಟ್ಟುತ್ತದೆ ಎಂಬುದೇ ಮುಖ್ಯ. ಒಂದು ಲೆಕ್ಕ ನೋಡೋಣ. ಪ್ರತಿ ಸೆಕೆಂಡಿಗೂ ತನ್ನ ವೇಗವನ್ನು ಸೆಕೆಂಡಿಗೆ 0.3 ಮೀಟರಿನಷ್ಟು ಹೆಚ್ಚಿಸಿಕೊಳ್ಳುವ ಭಾರದ ರೈಲು ಗಂಟೆಗೆ 60 ಕಿಲೋಮೀಟರ್ ಮುಟ್ಟಲು ಸುಮಾರು 55 ಸೆಕೆಂಡ್ ಬೇಕು. ಅಷ್ಟರಲ್ಲಿ 460 ಮೀಟರ್ ಸಾಗಿರುತ್ತದೆ. ಅದೇ ರೀತಿ ಸೆಕೆಂಡಿಗೆ 1.3 ಮೀಟರಿನಷ್ಟು ಹೆಚ್ಚಿಸಿಕೊಳ್ಳುವ ಟ್ರಾಮಿಗೆ 13 ಸೆಕೆಂಡ್ ಸಾಕು. ಅದೇ 460 ಮೀಟರ್ ದೂರಕ್ಕೆ ಸುಮಾರು 21 ಸೆಕೆಂಡ್ ಉಳಿತಾಯವಾಗುತ್ತದೆ. ಇದು ಪ್ರತಿ ನಿಲ್ದಾಣದಲ್ಲೂ ಮತ್ತೆ ಮತ್ತೆ ಸಿಗುವ ಲಾಭ. ಆದರೆ ಊರ ರಸ್ತೆಯಲ್ಲಿ ಓಡುವ ಟ್ರಾಮ್ ಈ ಲಾಭವನ್ನೆಲ್ಲ ಸಿಗ್ನಲ್‌ಗಳಲ್ಲಿ ಕಳೆದುಕೊಳ್ಳುತ್ತದೆ. ಇಲ್ಲಿ ವಾಹನಗಳ ರಸ್ತೆ ಹಳಿಯನ್ನು ಅಡ್ಡಹಾಯುವುದೇ ಇಲ್ಲ. ಆ ಬಿಡುವಿನ ದಾರಿ ಹಳೆಯ ರೈಲಿನವರು ತೋಡಿಟ್ಟ ತಗ್ಗಿನ ಕೊಡುಗೆ.

ಶರತ್ಕಾಲದಲ್ಲಿ ಮಾತ್ರ ತಗ್ಗಿನ ದಾರಿ ಕಾಡುತ್ತದೆ. ಇಕ್ಕೆಲದ ಮರಗಳ ಎಲೆಗಳು ಹಳಿಯ ಮೇಲೆ ಉದುರಿ, ಚಕ್ರಗಳಡಿ ಅರೆದು, ನುಣುಪಾದ ಕಪ್ಪು ಪದರವಾಗಿ ಅಂಟಿಕೊಳ್ಳುತ್ತವೆ. ಒಣಗಿದ ಉಕ್ಕಿನ ಮೇಲೆ 0.3ರ ಆಸುಪಾಸಿನಲ್ಲಿರುವ ಘರ್ಷಣಾಂಕ (ಚಕ್ರಕ್ಕೆ ಹಳಿಯ ಮೇಲಿರುವ ಹಿಡಿತದ ಅಳತೆ) ಆಗ 0.1ಕ್ಕಿಂತ ಕೆಳಗಿಳಿಯಬಲ್ಲದು. ಚಾಲಕರು ಬಹಳ ಮೊದಲೇ ಬ್ರೇಕ್ ಹಿಡಿಯಬೇಕಾಗುತ್ತದೆ. ಹಿಡಿತ ಸಾಲದಿದ್ದರೆ ಚಕ್ರದ ಮುಂದೆ ಹಳಿಯ ಮೇಲೆ ಒಂದಿಷ್ಟು ಮರಳು ಸುರಿಯುತ್ತಾರೆ.