ವರ್ಗಾಯಿಸಿದ ಹಣದ ವ್ಯಾಜ್ಯ: ಎರಡನೇ ಮೇಲ್ಮನವಿಯ ಮಿತಿ

ಗುತ್ತಿಗೆದಾರನೊಬ್ಬ ಸರ್ಕಾರಿ ಕಾಮಗಾರಿ ಮುಗಿಸಿದ್ದಾನೆ. ಬಿಲ್ ಇನ್ನೂ ಪಾಸಾಗಿಲ್ಲ. ಬರಬೇಕಾದ ಆ ಹಣವನ್ನು ಸಾಲ ಕೊಟ್ಟ ಬ್ಯಾಂಕಿಗೆ ಬರೆದುಕೊಟ್ಟಿದ್ದಾನೆ. ಅತ್ತ ಸಿಮೆಂಟ್ ವ್ಯಾಪಾರಿ ಹಳೆಯ ಬಾಕಿಯ ಡಿಕ್ರಿ (ದಾವೆಯಲ್ಲಿ ನ್ಯಾಯಾಲಯ ಕೊಟ್ಟ ತೀರ್ಮಾನ) ಹಿಡಿದು ಅದೇ ಹಣವನ್ನು ಜಪ್ತಿ ಮಾಡಿಸುತ್ತಾನೆ. ಹಣ ಯಾರಿಗೆ ಸೇರಬೇಕು?

ಸ್ವತ್ತು ವರ್ಗಾವಣೆ ಅಧಿನಿಯಮದ 130ನೇ ಕಲಂ ಪ್ರಕಾರ ಇಂಥ ವರ್ಗಾವಣೆಗೆ ಸಹಿಯುಳ್ಳ ಬರಹ ಬೇಕು. ಸಹಿ ಬಿದ್ದೊಡನೆ ಹಕ್ಕು ಬ್ಯಾಂಕಿನದು. ಇಲಾಖೆಗೆ ನೋಟಿಸ್ ಹೋಗದಿದ್ದರೂ ಸರಿಯೇ. ಆದರೆ ವರ್ಗಾವಣೆಯ ಸುಳಿವೇ ಇಲ್ಲದೆ ಇಲಾಖೆ ಗುತ್ತಿಗೆದಾರನಿಗೇ ಹಣ ಕೊಟ್ಟುಬಿಟ್ಟಿದ್ದರೆ ಆ ಪಾವತಿ ಊರ್ಜಿತ. ಜಪ್ತಿಯಾದ ಮೇಲೆ ಬರೆದುಕೊಟ್ಟದ್ದು ಮಾತ್ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 64ನೇ ಕಲಂ ಪ್ರಕಾರ ಜಪ್ತಿದಾರನ ಎದುರು ನಿಲ್ಲುವುದಿಲ್ಲ. ಹಾಗಾಗಿ ಪತ್ರದ ತಾರೀಖೇ ಇಲ್ಲಿ ಪ್ರಾಣ.

ಬ್ಯಾಂಕ್ ಅದೇ ಸಂಹಿತೆಯ 21ನೇ ಆದೇಶದ 58ನೇ ನಿಯಮದಡಿ ತಕರಾರು ಸಲ್ಲಿಸುತ್ತದೆ. ಅದರ ಮೇಲಿನ ತೀರ್ಮಾನಕ್ಕೆ ಡಿಕ್ರಿಯದೇ ಬಲ, ಡಿಕ್ರಿಯಂತೆಯೇ ಮೇಲ್ಮನವಿ. ಮೊದಲ ಮೇಲ್ಮನವಿಯಲ್ಲಿ ಸಾಕ್ಷ್ಯ, ಕಾನೂನು ಎರಡನ್ನೂ ಮತ್ತೆ ತೂಗಿ ನೋಡಬಹುದು. ಸಾಕ್ಷಿಯ ಮಾತನ್ನು ಹಿಡಿದು ಜಗ್ಗಾಡುವುದಿದ್ದರೆ ಅದನ್ನೆಲ್ಲ ಇಲ್ಲೇ ಮುಗಿಸಬೇಕು. ಇದನ್ನು ಹಗುರವಾಗಿ ತೆಗೆದುಕೊಂಡವರಿಗೆ ಮುಂದೆ ಅವಕಾಶ ಸಿಗುವುದು ಬಲು ಕಷ್ಟ.

ಏಕೆಂದರೆ ಸಂಹಿತೆಯ 1976ರ ತಿದ್ದುಪಡಿಯ ನಂತರ, ಅದರ 100ನೇ ಕಲಂನಡಿ ಎರಡನೇ ಮೇಲ್ಮನವಿ ಹಿಡಿದು ಹೈಕೋರ್ಟಿಗೆ ಹೋಗಲು ಗಣನೀಯ ಕಾನೂನು ಪ್ರಶ್ನೆ ಇರಲೇಬೇಕು. ಆ ಪ್ರಶ್ನೆಯನ್ನು ಹೈಕೋರ್ಟೇ ರೂಪಿಸಬೇಕು. ಇನ್ನು ಮೂಲ ದಾವೆ 25,000 ರೂಪಾಯಿ ಮೀರದ ಹಣದ ವಸೂಲಿಗಾಗಿದ್ದರೆ 102ನೇ ಕಲಂ ಎರಡನೇ ಮೇಲ್ಮನವಿಯ ಬಾಗಿಲನ್ನೇ ಮುಚ್ಚುತ್ತದೆ.

ಯಾವುದು ಸಂಗತಿ, ಯಾವುದು ಕಾನೂನು? ನನ್ನ ಮಟ್ಟಿಗೆ ಇಡೀ ಪಾಠದ ತಿರುಳು ಇದೇ. ಪತ್ರಕ್ಕೆ ಹಿಂದಿನ ತಾರೀಖು ಹಾಕಿದ್ದಾರೆಯೇ, ನೋಟಿಸ್ ಕಚೇರಿಗೆ ತಲುಪಿತೇ ಎಂಬುವು ಸಂಗತಿಗಳು. ತಲುಪಿದ ಕಾಗದದಲ್ಲಿ ವರ್ಗಾವಣೆ ಪಡೆದವನ ವಿಳಾಸವಿಲ್ಲ ಎಂದುಕೊಳ್ಳಿ. ಸ್ವತ್ತು ವರ್ಗಾವಣೆ ಅಧಿನಿಯಮದ 131ನೇ ಕಲಂ ಹೆಸರು, ವಿಳಾಸ ಎರಡನ್ನೂ ಕೇಳುತ್ತದೆ. ಆಗ ಅದು ನೋಟಿಸ್ ಆಗುತ್ತದೆಯೇ ಎಂಬುದು ಕಾನೂನಿನ ಪ್ರಶ್ನೆ. ‘ನನ್ನ ಬಿಲ್ಲಿನ ಹಣವನ್ನು ಬ್ಯಾಂಕಿಗೆ ಕೊಡಿ’ ಎಂಬ ಸಾಲು ಬರೀ ಪಾವತಿಯ ಸೂಚನೆಯೋ, ಹಕ್ಕಿನ ವರ್ಗಾವಣೆಯೋ ಎಂಬುದೂ ಹಾಗೆಯೇ. ಹೀರೋ ವಿನೋತ್ ವಿರುದ್ಧ ಶೇಷಮ್ಮಾಳ್ (2006) ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿದೆ: ದಸ್ತಾವೇಜಿನ ಒಕ್ಕಣೆಯಿಂದ ತೆಗೆಯುವ ಸಂಗತಿಯ ಊಹೆ ಸಂಗತಿಯೇ, ಅದರ ಷರತ್ತುಗಳ ಕಾನೂನು ಪರಿಣಾಮ ಮಾತ್ರ ಕಾನೂನಿನ ಪ್ರಶ್ನೆ.

ಒಂದು ವಿನಾಯಿತಿ ಇದೆ. ಯಾವ ಸಾಕ್ಷ್ಯವೂ ಇಲ್ಲದೆ ಕೆಳಗಿನ ನ್ಯಾಯಾಲಯ ನಿರ್ಣಯಕ್ಕೆ ಬಂದಿದ್ದರೆ ಸಂಗತಿಯ ನಿರ್ಣಯವೂ ಹೈಕೋರ್ಟಿನ ಪರಿಶೀಲನೆಗೆ ಬರುತ್ತದೆ. ಸಾಕ್ಷ್ಯ ಸಾಲದು ಎಂಬ ವಾದಕ್ಕೆ ಆ ಅನುಕೂಲವಿಲ್ಲ.