ಮಷಿನ್ ಹಾಕಿಸಿದ ಮೇಲೆ ಮನೆಯಲ್ಲಿ ಆಗಬೇಕಾದ ಕೆಲಸ

ಕಿವಿ ಕೇಳದ ಮಕ್ಕಳಿಗೆ ಆಪರೇಷನ್ ಮಾಡಿ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್, ಮಂಡ್ಯ ಕಡೆಯಿಂದ ನನ್ನ ಹತ್ತಿರ ಮಾತಿನ ಥೆರಪಿಗೆ ಬರುವ ತಾಯಂದಿರ ಬಾಯಲ್ಲಿ ಬರೀ 'ಮಷಿನ್'. "ಮಷಿನ್ ಹಾಕ್ಸಿ ಮೂರ್ ತಿಂಗ್ಳಾಯ್ತು ಮೇಡಂ, ಇನ್ನೂ ಅಮ್ಮ ಅಂದಿಲ್ಲ." ನಾನು ಅತಿ ಹೆಚ್ಚು ಕೇಳುವ ದೂರು ಇದು. ಮಗುವಿಗೆ ಎರಡೂವರೆ ವರ್ಷ ಆಗಿರಬಹುದು. ಅದು ಕೇಳಲು ಶುರು ಮಾಡಿ ಮೂರು ತಿಂಗಳೂ ಆಗಿರುವುದಿಲ್ಲ. ಆಪರೇಷನ್ ಗಾಯ ಮಾಯಲು ಕೆಲವು ವಾರ ಬೇಕು, ಆಮೇಲೆ ಮಷಿನ್ ಸ್ವಿಚ್ ಆನ್ ಮಾಡುತ್ತೇವೆ. ಲೆಕ್ಕ ಅಲ್ಲಿಂದ ಶುರು. ಚೆನ್ನಾಗಿ ಕೇಳಿಸುವ ಮಗುವೂ ಸುಮಾರು ಒಂದು ವರ್ಷ ಕೇಳಿಸಿಕೊಂಡ ಮೇಲೆ ತಾನೇ ಮೊದಲ ಮಾತಾಡುವುದು, ಅಲ್ವಾ?

ಕಿವಿಯ ಹಿಂದಿನ ಪ್ರೊಸೆಸರ್ ಶಬ್ದವನ್ನು ಹಿಡಿದು ಸಂಕೇತವಾಗಿ ಬದಲಿಸುತ್ತದೆ. ಅಯಸ್ಕಾಂತದಿಂದ ತಲೆಗೆ ಅಂಟಿಕೊಂಡ ಕಾಯಿಲ್ ಅದನ್ನು ಚರ್ಮದ ಮೂಲಕ ಒಳಗೆ ಕಳಿಸುತ್ತದೆ. ಒಳಗಿವಿಯಲ್ಲಿರುವ ಎಲೆಕ್ಟ್ರೋಡ್‌ಗಳು ನೇರವಾಗಿ ನರಕ್ಕೆ ವಿದ್ಯುತ್ ಮುಟ್ಟಿಸುತ್ತವೆ. ಸಾಮಾನ್ಯ ಕಿವಿಯಲ್ಲಿ ಈ ಕೆಲಸಕ್ಕೆ ಸುಮಾರು 3,500 ಒಳ ಕೂದಲು ಕೋಶಗಳಿವೆ. ಮಷಿನ್‌ನಲ್ಲಿ ಇರುವುದು ಹೆಚ್ಚೆಂದರೆ ಇಪ್ಪತ್ತು ಚಿಲ್ಲರೆ ಎಲೆಕ್ಟ್ರೋಡ್. ಉಳಿದದ್ದನ್ನು ಮೆದುಳು ಕಲಿತು ತುಂಬಿಸಿಕೊಳ್ಳಬೇಕು. ಅದಕ್ಕೇ ಮೂರೂವರೆ ವರ್ಷದೊಳಗೆ ಹಾಕಿಸಿ ಎನ್ನುವುದು. ಹುಟ್ಟು ಕಿವುಡಿರುವ ಮಗು ಏಳು ದಾಟಿದರೆ ಮೆದುಳು ಶಬ್ದಕ್ಕೆ ಒಗ್ಗುವುದು ಬಹಳ ಕಷ್ಟ.

ಮನೆಯಲ್ಲಿ ನಡೆಯುವ ದೊಡ್ಡ ತಪ್ಪು ಎಂದರೆ ಪರೀಕ್ಷೆ. ಬಂದವರೆಲ್ಲ "ಅಮ್ಮ ಅನ್ನು, ಅಪ್ಪ ಅನ್ನು" ಎಂದು ಮಗುವಿನ ಮುಖಕ್ಕೆ ಮುಖ ಕೊಟ್ಟು ಕೂರುತ್ತಾರೆ. ಅಮ್ಮ, ಅಪ್ಪ ಎರಡಕ್ಕೂ ತುಟಿ ಒಂದೇ ಥರ ಮುಚ್ಚುತ್ತದೆ. ಕಣ್ಣಿಗೆ ವ್ಯತ್ಯಾಸವೇ ಇಲ್ಲ, ಕಿವಿಯೇ ಹಿಡಿಯಬೇಕು. ಹೇಳಿಸುವುದನ್ನು ಬಿಟ್ಟು ನೀವು ಹೇಳಿ. ಮುದ್ದೆ ಮಾಡುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ: "ನೀರು ಕುದೀತಿದೆ. ಹಿಟ್ಟು ಹಾಕೋಣ. ಅಯ್ಯೋ, ಬಿಸಿ ಬಿಸಿ!" ಟಿವಿ ಆಫ್ ಇರಲಿ. ಮಾತು ಮಗುವಿನ ಹತ್ತಿರದಿಂದಲೇ ಬರಲಿ. ದೂರ ಎರಡರಷ್ಟಾದರೆ ದನಿ 6 ಡೆಸಿಬೆಲ್‌ನಷ್ಟು ಇಳಿಯುತ್ತದೆ. ಆಲೆಮನೆಯ ಗಾಣದ ಸದ್ದಿನಲ್ಲಿ ನೀವು ಎಷ್ಟು ಕೂಗಿದರೂ ಪ್ರಯೋಜನ ಕಡಿಮೆ.

ಕನ್ನಡದಲ್ಲಿ ಇನ್ನೊಂದು ಕಷ್ಟ ಇದೆ. ತಟ್ಟೆಗೆ, ತಟ್ಟೆಯಲ್ಲಿ, ತಟ್ಟೆಯಿಂದ: ಅರ್ಥ ಬದಲಾಗುವುದೆಲ್ಲ ಕೊನೆಯಲ್ಲಿ. ನಾವು ಮಾತಾಡುವಾಗ ದನಿ ಇಳಿಯುವುದೂ ಅಲ್ಲೇ. ಹಾಗಾಗಿ ಮಷಿನ್ ಹಾಕಿಸಿಕೊಂಡ ಎಷ್ಟೋ ಮಕ್ಕಳು "ಅಪ್ಪ ಊರು ಹೋದ" ಎಂದೇ ಬಹಳ ದಿನ ಹೇಳುತ್ತಾರೆ. ಗದರಬೇಡಿ. "ಹೌದು, ಅಪ್ಪ ಊರಿಗೆ ಹೋದ್ರು" ಎಂದು ಆ ಕೊನೆಯನ್ನು ಸ್ವಲ್ಪ ಎಳೆದು ಹೇಳಿ, ಮುಂದಕ್ಕೆ ಹೋಗಿ. ಇಂಥ ಮಗುವಿಗೆ ಮನೆಯಲ್ಲೂ ಇಂಗ್ಲಿಷ್ ಮಾತಾಡಿ ಎಂದು ಸಲಹೆ ಕೊಡುವವರ ಮೇಲೆ ನನಗೆ ಸಿಟ್ಟೇ ಬರುತ್ತದೆ. ತಾಯಿಗೇ ಸಲೀಸಾಗಿ ಬಾರದ ಭಾಷೆಯಲ್ಲಿ ಮಗುವಿಗೆ ಎಷ್ಟು ಮಾತು ಸಿಕ್ಕೀತು?

ಬೆಳಿಗ್ಗೆ ಮಷಿನ್ ಹಾಕಿದ ಕೂಡಲೇ ಎರಡು ನಿಮಿಷದ ಕೆಲಸ ಒಂದಿದೆ. ಮಗುವಿನ ಹಿಂದೆ ಕೂತು ಆ, ಊ, ಈ, ಮ್, ಶ್, ಸ್ ಎಂದು ಒಂದೊಂದಾಗಿ ಹೇಳಿ. ನಿನ್ನೆ 'ಸ್'ಗೆ ತಿರುಗಿದ ಮಗು ಇವತ್ತು ತಿರುಗದಿದ್ದರೆ ಬ್ಯಾಟರಿ, ವೈರ್, ಒಳಗೆ ತೇವ ಕೂತಿದೆಯಾ ನೋಡಿ. ಆಗಲೂ ಸರಿಹೋಗದಿದ್ದರೆ ಮ್ಯಾಪಿಂಗ್‌ಗೆ, ಅಂದರೆ ಮಷಿನ್ ಮಟ್ಟವನ್ನು ಮಗುವಿಗೆ ಹೊಂದಿಸಲು, ಕರೆತನ್ನಿ. ಸ್ನಾನ, ನಿದ್ದೆ ಬಿಟ್ಟು ದಿನವಿಡೀ ಮಷಿನ್ ಕಿವಿಯಲ್ಲೇ ಇರಲಿ. "ಕಿತ್ತು ಹಾಕ್ತಾನೆ" ಎಂದು ಡಬ್ಬಿಯಲ್ಲಿ ಇಟ್ಟರೆ ಅಷ್ಟು ಹೊತ್ತಿನ ಕೇಳ್ಮೆ ಹೋಯಿತು.

ಎಲ್ಲ ಮಕ್ಕಳೂ ಒಂದೇ ಮಟ್ಟಕ್ಕೆ ಬರುವುದಿಲ್ಲ. ನರ ತೆಳುವಾಗಿದ್ದರೆ, ಬೇರೆ ತೊಂದರೆ ಜೊತೆಗಿದ್ದರೆ ಮಾತು ನಿಧಾನ. ಅಂಥ ಮಗುವಿಗೆ ಕೈಸನ್ನೆಯೂ ಬೇಕಾಗಬಹುದು, ಅದರಲ್ಲಿ ನಾಚಿಕೆ ಪಡುವಂಥದ್ದು ಏನಿಲ್ಲ.

1965ರಲ್ಲಿ ಶುರುವಾದ ನಮ್ಮ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಮಕ್ಕಳ ಜೊತೆ ತಾಯಂದಿರಿಗೂ ಕಲಿಸುತ್ತಾರೆ. ನಾನು ಇನ್ನೂ ಒಬ್ಬರು ಬರಲಿ ಎನ್ನುತ್ತೇನೆ. ಅಪ್ಪ ಅಮ್ಮ ಕೆಲಸಕ್ಕೆ ಹೋದರೆ ಮಗು ದಿನವಿಡೀ ಅಜ್ಜಿಯ ಹತ್ತಿರ ಇರುತ್ತದೆ. ಮುಂದಿನ ಸಲ ಅವರನ್ನೂ ಕರ್ಕೊಂಡು ಬನ್ನಿ. ಬ್ಯಾಟರಿ ಬದಲಿಸುವುದು ಹೇಗೆ ಎಂದು ಮೊದಲು ಅವರಿಗೆ ತೋರಿಸುತ್ತೇನೆ.